ಯಂತ್ರದೊಳಗಿನ ಯಂತ್ರಕ್ಕೆ ಒಂದು ಸಾಲಿನ ಆಜ್ಞೆ

ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಅಂಚಿನಲ್ಲಿ ಗೋಪುರವೋ ನವಿಲೋ ಮಾವಿನಕಾಯಿಯೋ ಮೂಡುವುದಕ್ಕೆ ಬಹಳ ಮೊದಲೇ ಆ ಚಿತ್ತಾರವನ್ನು ರಟ್ಟಿನ ಕಾರ್ಡುಗಳ ಮೇಲೆ ರಂಧ್ರಗಳ ರೂಪದಲ್ಲಿ ಬರೆದಿಟ್ಟಿರುತ್ತಾರೆ. ಒಂದರ ಬೆನ್ನಿಗೆ ಒಂದನ್ನು ದಾರದಿಂದ ಹೊಲಿದ ಈ ಕಾರ್ಡುಗಳ ಸರಪಳಿಯು ಮಗ್ಗದ ನೆತ್ತಿಯ ಮೇಲಿರುವ ಜಕಾರ್ಡ್ ಸಾಧನದಲ್ಲಿ ಸುತ್ತುವಾಗ, ರಂಧ್ರವಿದ್ದ ಕಡೆ ಸೂಜಿ ಒಳಗೆ ತೂರಿ ಅದಕ್ಕೆ ಸೇರಿದ ಕೊಕ್ಕೆ ಹಾಸಿನ ಎಳೆಯನ್ನು ಮೇಲೆತ್ತುತ್ತದೆ; ರಂಧ್ರವಿಲ್ಲದ ಕಡೆ ರಟ್ಟು ಸೂಜಿಯನ್ನು ಹಿಂದಕ್ಕೆ ತಳ್ಳುವುದರಿಂದ ಆ ಎಳೆ ಇದ್ದಲ್ಲೇ ಉಳಿಯುತ್ತದೆ; ಎದ್ದ ಎಳೆಗಳಿಗೂ ಉಳಿದ ಎಳೆಗಳಿಗೂ ನಡುವಿನ ಸಂದಿಯಲ್ಲಿ ಲಾಳಿ ಓಡಿ ಒಂದು ಹೊಕ್ಕು ಮುಗಿಯುತ್ತದೆ, ಮುಂದಿನ ಕಾರ್ಡು ಎದುರಿಗೆ ಬರುತ್ತದೆ. ನೇಕಾರ ಬದಲಾದರೂ ರೇಷ್ಮೆಯ ಬಣ್ಣ ಬದಲಾದರೂ ಕಾರ್ಡುಗಳ ಸರಪಳಿ ಅದೇ ಆಗಿದ್ದರೆ ಅಂಚು ಅದೇ ಆಗಿರುತ್ತದೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಮೊಳಕಾಲ್ಮೂರು ಸೀರೆಯ ಹಿಂದೆ ಕೈಯ ನೈಪುಣ್ಯ ಎಷ್ಟಿದೆಯೋ, ಒಮ್ಮೆ ಬರೆದಿಟ್ಟು ಮತ್ತೆ ಮತ್ತೆ ನಡೆಸಬಹುದಾದ ಆಜ್ಞೆಯ ಶಿಸ್ತೂ ಅಷ್ಟೇ ಇದೆ.

ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಈ ಸಾಧನದ ರಂಧ್ರದ ಕಾರ್ಡು ಮಗ್ಗದಲ್ಲೇ ನಿಲ್ಲಲಿಲ್ಲ. ಅಮೆರಿಕದ 1890ರ ಜನಗಣತಿಯಲ್ಲಿ ಹರ್ಮನ್ ಹಾಲರಿತ್ ಅವರು ಜನರ ವಿವರಗಳನ್ನು ಇಂಥವೇ ಕಾರ್ಡುಗಳ ಮೇಲೆ ರಂಧ್ರಗಳಾಗಿ ಕೊರೆಯಿಸಿ ಯಂತ್ರದಿಂದ ಎಣಿಸಿದರು. ಅವರ ಉದ್ಯಮವೂ ಸೇರಿ ಬೆಳೆದ ಸಂಸ್ಥೆಯೇ ಮುಂದೆ ಐಬಿಎಂ ಎಂಬ ಹೆಸರು ಪಡೆಯಿತು. ಆ ಐಬಿಎಂನ ಪ್ರಯೋಗಾಲಯದಲ್ಲಿಯೇ 1960ರ ದಶಕದಲ್ಲಿ ಒಂದು ಗಣಕದೊಳಗೆ ಹಲವು ಗಣಕಗಳಿರುವಂತೆ ತೋರಿಸುವ ವಿದ್ಯೆ ಕೈಗೂಡಿತು. ಇಂದು ವರ್ಚುವಲ್ ಯಂತ್ರ ಎಂದು ಕರೆಯುವ ಈ ಯಂತ್ರದೊಳಗಿನ ಯಂತ್ರವನ್ನು ಹುಟ್ಟಿಸಲು, ನಡೆಸಲು, ನಿಲ್ಲಿಸಲು ಬಳಸುವ ಆಜ್ಞಾಸಾಲಿನ ಸಲಕರಣೆಗಳು ಯಾವುವು, ಅವು ಹೇಗೆ ಕೆಲಸ ಮಾಡುತ್ತವೆ, ದೊಡ್ಡ ಯಂತ್ರಾಗಾರಗಳಿಂದ ದೂರವಿರುವ ಊರಿನ ವಿದ್ಯಾರ್ಥಿಗೆ ಅವು ಏಕೆ ಮುಖ್ಯ ಎಂಬುದು ಈ ಲೇಖನದ ವಿಷಯ.

ಮೊದಲು ವರ್ಚುವಲ್ ಯಂತ್ರವೆಂದರೇನೆಂದು ತಿಳಿಯಬೇಕು. ಒಂದು ಗಣಕಕ್ಕೆ ಲೆಕ್ಕ ಮಾಡುವ ಪ್ರೊಸೆಸರ್, ತಾತ್ಕಾಲಿಕವಾಗಿ ನೆನಪಿಡುವ ಮೆಮೊರಿ, ಕಾಯಂ ಆಗಿ ಕಾಪಿಡುವ ಡಿಸ್ಕ್, ಹೊರಜಗತ್ತಿನೊಡನೆ ಮಾತಾಡುವ ನೆಟ್‌ವರ್ಕ್ ಎಂಬ ನಾಲ್ಕು ಅಂಗಗಳಿರುತ್ತವೆ ಎಂದಿಟ್ಟುಕೊಂಡರೆ, ಈ ನಾಲ್ಕನ್ನೂ ಪಾಲು ಮಾಡಿ ಪ್ರತಿ ಪಾಲೂ ತಾನೊಂದು ಪೂರ್ಣ ಗಣಕವೆಂದೇ ನಡೆದುಕೊಳ್ಳುವಂತೆ ಮಾಡುವ ತಂತ್ರಾಂಶವೊಂದಿದೆ; ಅದಕ್ಕೆ ಹೈಪರ್‌ವೈಸರ್ ಎಂದು ಹೆಸರು. ನಿಜವಾದ ಗಣಕವನ್ನು ಆತಿಥೇಯ ಎಂದೂ ಅದರೊಳಗೆ ನಡೆಯುವ ವರ್ಚುವಲ್ ಯಂತ್ರವನ್ನು ಅತಿಥಿ ಎಂದೂ ಕರೆಯುವುದು ವಾಡಿಕೆ. ಅತಿಥಿಯೊಳಗೆ ಕುಳಿತ ವಿಂಡೋಸ್‌ಗೋ ಲಿನಕ್ಸ್‌ಗೋ ತನ್ನ ಕೆಳಗಿರುವುದು ನಿಜವಾದ ಲೋಹದ ಯಂತ್ರವಲ್ಲವೆಂಬುದು ಸಾಮಾನ್ಯವಾಗಿ ಲೆಕ್ಕಕ್ಕೇ ಬರುವುದಿಲ್ಲ. ಅದು ಎಂದಿನಂತೆ ಆರಂಭವಾಗುತ್ತದೆ, ಎಂದಿನಂತೆ ಕಡತಗಳನ್ನು ತೆರೆಯುತ್ತದೆ, ಕೆಟ್ಟರೆ ಎಂದಿನಂತೆ ಕೆಡುತ್ತದೆ, ಆದರೆ ಆ ಕೇಡು ಪಕ್ಕದ ಅತಿಥಿಗೆ ತಟ್ಟುವುದಿಲ್ಲ.

ಇದರ ಉಪಯೋಗ ರೈತರಿಗೂ ಪರಿಚಿತವಾದ ಒಂದು ಕಾಗದದಿಂದ ಸ್ಪಷ್ಟವಾಗುತ್ತದೆ. ಪಹಣಿಗಳನ್ನು ಗಣಕೀಕರಿಸಿದ ಕರ್ನಾಟಕದ ಭೂಮಿ ಯೋಜನೆಯ ಆರಂಭದ ವರ್ಷಗಳಲ್ಲಿ ಪ್ರತಿ ತಾಲ್ಲೂಕು ಕಚೇರಿಯಲ್ಲಿಯೂ ಆ ತಾಲ್ಲೂಕಿನ ಜಮೀನಿನ ದಾಖಲೆಗಳನ್ನು ಹೊತ್ತ ಸರ್ವರ್, ಅಂದರೆ ಅನ್ಯ ಗಣಕಗಳ ಕೋರಿಕೆಗಳಿಗೆ ಉತ್ತರಿಸುವ ಗಣಕ, ಪ್ರತ್ಯೇಕವಾಗಿ ಇತ್ತು. ಕ್ರಮೇಣ ಆ ದಾಖಲೆಗಳು ರಾಜ್ಯಮಟ್ಟದ ದತ್ತಾಂಶ ಕೇಂದ್ರಕ್ಕೆ ಸೇರಿದವು, ಪಹಣಿಯನ್ನು ಮನೆಯಿಂದಲೇ ನೋಡುವಂತಾಯಿತು. ಚಳ್ಳಕೆರೆ, ಮೊಳಕಾಲ್ಮೂರುಗಳಂಥ ಬಿಸಿಲು ಮತ್ತು ದೂಳಿನ ಸೀಮೆಯಲ್ಲಿ ಒಂದು ಸರ್ವರನ್ನು ಕಾಪಾಡಬೇಕಾದರೆ ತಣ್ಣನೆಯ ಕೋಣೆ, ಕೈಕೊಡದ ವಿದ್ಯುತ್ತು, ಕೆಟ್ಟ ಭಾಗವನ್ನು ಬದಲಿಸುವ ಮೆಕ್ಯಾನಿಕ್ ಇವೆಲ್ಲವೂ ಬೇಕು. ಇಂಥ ನೂರಾರು ಪುಟ್ಟ ಕೋಣೆಗಳ ಬದಲು ಒಂದು ದೊಡ್ಡ ಕೋಣೆಯಲ್ಲಿ ಕೆಲವೇ ಬಲವಾದ ಗಣಕಗಳನ್ನಿಟ್ಟು, ಒಂದೊಂದು ಇಲಾಖೆಗೂ ಒಂದೊಂದು ಕೆಲಸಕ್ಕೂ ಅದರಲ್ಲಿ ಪ್ರತ್ಯೇಕ ವರ್ಚುವಲ್ ಯಂತ್ರ ಕೊಡುವುದು ಅಗ್ಗವೂ ಹೌದು, ಸುರಕ್ಷಿತವೂ ಹೌದು. ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ 2014ರಲ್ಲಿ ಮೇಘರಾಜ್ ಯೋಜನೆಯಡಿ ಆರಂಭಿಸಿದ ಕ್ಲೌಡ್ ಸೇವೆಯು ಸರ್ಕಾರಿ ಇಲಾಖೆಗಳಿಗೆ ಒದಗಿಸುವ ಸೌಲಭ್ಯಗಳಲ್ಲಿ ಮುಖ್ಯವಾದದ್ದು ಇಂಥ ಯಂತ್ರಗಳೇ. ಕ್ಲೌಡ್ ಎಂದು ಜನ ಕರೆಯುವುದು ಬಹುಮಟ್ಟಿಗೆ ಇನ್ನೊಬ್ಬರ ಕಟ್ಟಡದಲ್ಲಿ ಓಡುತ್ತಿರುವ ವರ್ಚುವಲ್ ಯಂತ್ರಗಳ ಸಮೂಹವನ್ನು.

ಐಬಿಎಂನ ಕೇಂಬ್ರಿಜ್ ವೈಜ್ಞಾನಿಕ ಕೇಂದ್ರದಲ್ಲಿ 1967ರಲ್ಲಿ ಬಳಕೆಗೆ ಬಂದ ಸಿಪಿ-40 ಎಂಬ ವ್ಯವಸ್ಥೆಯೂ 1972ರ ಆಗಸ್ಟ್‌ನಲ್ಲಿ ಆ ಸಂಸ್ಥೆ ಪ್ರಕಟಿಸಿದ ವಿಎಂ/370 ಎಂಬ ವ್ಯವಸ್ಥೆಯೂ ಈ ವಿದ್ಯೆಯ ಮೊದಲ ಮಜಲುಗಳು. ಅವುಗಳಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ತನ್ನದೇ ಆದ ಒಂದು ಗಣಕ ದೊರೆಯುತ್ತಿತ್ತು. ಅಂದಿನ ಗಣಕವೆಂದ ಮೇಲೆ ಕಾರ್ಡು ಓದುವ ಯಂತ್ರ, ಕಾರ್ಡು ಕೊರೆಯುವ ಯಂತ್ರ, ಮುದ್ರಕ ಇರಲೇಬೇಕಾದ್ದರಿಂದ, ಆ ಕಲ್ಪಿತ ಗಣಕಕ್ಕೆ ಕಲ್ಪಿತ ಕಾರ್ಡು-ಓದುಗ, ಕಲ್ಪಿತ ಕಾರ್ಡು-ಕೊರೆಯುಗಗಳನ್ನೂ ಕೊಟ್ಟಿದ್ದರು. ಒಬ್ಬ ಬಳಕೆದಾರ ಇನ್ನೊಬ್ಬನಿಗೆ ಕಡತ ಕಳಿಸಬೇಕಾದರೆ ತನ್ನ ಕಲ್ಪಿತ ಕೊರೆಯುಗದಲ್ಲಿ ಕೊರೆದು ಅವನ ಕಲ್ಪಿತ ಓದುಗಕ್ಕೆ ಹಾಕುತ್ತಿದ್ದ. ರಟ್ಟು ಮಾಯವಾದ ಮೇಲೂ ರಟ್ಟಿನ ನಡಾವಳಿ ಉಳಿದ ಈ ಸಂಗತಿ ಇತಿಹಾಸದ ಕುತೂಹಲ ಮಾತ್ರವಲ್ಲ. ಐಬಿಎಂನ ದೊಡ್ಡ ಗಣಕಗಳಲ್ಲಿ ಇಂದಿಗೂ ಓಡುವ ಝಡ್/ವಿಎಂ ವ್ಯವಸ್ಥೆಯಲ್ಲಿ ಈ ಕಲ್ಪಿತ ಓದುಗ, ಕೊರೆಯುಗಗಳು ಜೀವಂತವಾಗಿವೆ. ಇನ್ನೂ ಮುಖ್ಯವಾದದ್ದೆಂದರೆ, ಆ ಕಾಲದ ಬಳಕೆದಾರನು ಟೈಪ್‌ರೈಟರಿನಂಥ ಉಪಕರಣದ ಮುಂದೆ ಕುಳಿತು ‘ಇದನ್ನು ಜೋಡಿಸು’, ‘ಇದನ್ನು ಆರಂಭಿಸು’, ‘ಏನಿದೆ ತಿಳಿಸು’ ಎಂಬರ್ಥದ ಚಿಕ್ಕ ಸಾಲುಗಳಿಂದಲೇ ತನ್ನ ಯಂತ್ರವನ್ನು ಆಳುತ್ತಿದ್ದ. ವರ್ಚುವಲ್ ಯಂತ್ರವೂ ಆಜ್ಞಾಸಾಲೂ ಹುಟ್ಟಿನಿಂದಲೇ ಜೊತೆಗಾರರು. ಚಿತ್ರಗಳ ಮೇಲೆ ಮೌಸ್ ಒತ್ತಿ ಅವನ್ನು ನಡೆಸುವ ಪದ್ಧತಿ ಬಹಳ ತಡವಾಗಿ ಬಂದದ್ದು.

ಮನೆಯ ಮತ್ತು ಕಚೇರಿಯ ಸಾಧಾರಣ ಗಣಕಗಳಿಗೆ ಈ ವಿದ್ಯೆ ಇಳಿದು ಬರಲು ಇನ್ನೂ ಮೂರು ದಶಕ ಬೇಕಾಯಿತು, ಏಕೆಂದರೆ ಅವುಗಳ ಪ್ರೊಸೆಸರ್‌ಗಳನ್ನು ಪಾಲು ಮಾಡಿ ಹಂಚುವುದಕ್ಕೆ ತಕ್ಕಂತೆ ರೂಪಿಸಿರಲಿಲ್ಲ. 1998ರಲ್ಲಿ ಸ್ಥಾಪನೆಯಾದ ವಿಎಂವೇರ್ ಕಂಪನಿ ಜಾಣತನದ ತಂತ್ರಾಂಶದಿಂದ ಈ ಕೊರತೆಯನ್ನು ದಾಟಿತು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಬೆಳೆದು 2003ರಲ್ಲಿ ವಿದ್ವತ್‌ವಲಯಕ್ಕೆ ಪರಿಚಿತವಾದ ಝೆನ್ ಎಂಬ ಹೈಪರ್‌ವೈಸರ್ ಬೇರೊಂದು ದಾರಿ ಹಿಡಿಯಿತು. 2005 ಮತ್ತು 2006ರಲ್ಲಿ ಇಂಟೆಲ್, ಎಎಂಡಿ ಕಂಪನಿಗಳು ಪ್ರೊಸೆಸರಿನೊಳಗೇ ಇದಕ್ಕೆ ಬೇಕಾದ ಅನುಕೂಲ ಒದಗಿಸಿದವು. ಆ ಅನುಕೂಲವನ್ನು ಬಳಸಿಕೊಂಡ ಕೆವಿಎಂ ಎಂಬ ಹೈಪರ್‌ವೈಸರ್ 2007ರ ಫೆಬ್ರವರಿಯಲ್ಲಿ ಲಿನಕ್ಸ್‌ನ ತಿರುಳಿನಲ್ಲೇ ಸೇರಿಹೋಯಿತು. ಅಂದಿನಿಂದ ಲಿನಕ್ಸ್ ಇರುವ ಯಾವ ಸಾಮಾನ್ಯ ಲ್ಯಾಪ್‌ಟಾಪ್ ಆದರೂ, ಪ್ರೊಸೆಸರ್ ತಕ್ಕದ್ದಾಗಿದ್ದರೆ, ಒಂದು ಪೈಸೆ ಖರ್ಚಿಲ್ಲದೆ ಆತಿಥೇಯನಾಗಬಲ್ಲದು. ಊರುಕೇರಿಯ ವಿದ್ಯಾರ್ಥಿಯ ದೃಷ್ಟಿಯಿಂದ ಇಡೀ ಇತಿಹಾಸದಲ್ಲಿ ಇದಕ್ಕಿಂತ ಮಹತ್ವದ ಘಟನೆ ಇಲ್ಲ.

ಕೆವಿಎಂ ಯಂತ್ರದ ಬಲವನ್ನು ಪಾಲು ಮಾಡುತ್ತದೆ; ಫ್ಯಾಬ್ರಿಸ್ ಬೆಲಾರ್ಡ್ ಎಂಬ ಫ್ರೆಂಚ್ ತಂತ್ರಜ್ಞ 2003ರಲ್ಲಿ ಹೊರತಂದ ಕ್ಯೂಇಎಂಯು ಎಂಬ ತಂತ್ರಾಂಶ ಅತಿಥಿಗೆ ಬೇಕಾದ ಕಲ್ಪಿತ ಡಿಸ್ಕ್, ಕಲ್ಪಿತ ನೆಟ್‌ವರ್ಕ್ ಕಾರ್ಡುಗಳನ್ನು ಕಟ್ಟಿಕೊಡುತ್ತದೆ. ಇವೆರಡರ ಮೇಲೆ 2005ರಲ್ಲಿ ಆರಂಭವಾದ ಲಿಬ್‌ವಿರ್ಟ್ ಎಂಬ ಪದರವಿದೆ. ಕೆಳಗಿರುವ ಹೈಪರ್‌ವೈಸರ್ ಯಾವುದೇ ಆದರೂ ಒಂದೇ ಬಗೆಯ ಮಾತಿನಲ್ಲಿ ಅದನ್ನು ನಡೆಸಲು ಬಿಡುವುದು ಇದರ ಕೆಲಸ. ಈ ಲಿಬ್‌ವಿರ್ಟ್‌ನೊಡನೆ ಮನುಷ್ಯ ಮಾತಾಡುವ ಆಜ್ಞಾಸಾಲಿನ ಸಲಕರಣೆಗೆ ವಿರ್ಶ್ ಎಂದು ಹೆಸರು. ಆಜ್ಞಾಸಾಲು ಎಂದರೆ, ಟರ್ಮಿನಲ್ ಎಂಬ ಬರಿಯ ಅಕ್ಷರಗಳ ಕಿಟಕಿಯಲ್ಲಿ ಒಂದು ಸಾಲು ಬರೆದು ಎಂಟರ್ ಒತ್ತಿದಾಗ ಗಣಕವು ಅದನ್ನು ಓದಿ, ನಡೆಸಿ, ಉತ್ತರವನ್ನೂ ಅಕ್ಷರಗಳಲ್ಲೇ ಕೊಡುವ ವ್ಯವಹಾರ. ಇಲ್ಲಿ ಆಜ್ಞೆಗಳನ್ನು ಓದಿಗಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಕೀಲಿಮಣೆಯಲ್ಲಿ ಇವನ್ನು ರೋಮನ್ ಅಕ್ಷರಗಳಲ್ಲಿ ಒತ್ತಬೇಕು.

‘ವಿರ್ಶ್ ಲಿಸ್ಟ್’ ಎಂದು ಬರೆದರೆ ಆ ಕ್ಷಣದಲ್ಲಿ ಓಡುತ್ತಿರುವ ಅತಿಥಿಗಳ ಪಟ್ಟಿ ಬರುತ್ತದೆ. ಅದಕ್ಕೆ ಎರಡು ಅಡ್ಡಗೆರೆಗಳೊಡನೆ ‘ಆಲ್’ ಸೇರಿಸಿದರೆ ನಿಂತಿರುವವೂ ಸೇರಿ ಎಲ್ಲವೂ ಕಾಣುತ್ತವೆ. ಪಟ್ಟಿಯಲ್ಲಿ ಮೂರು ಕಂಬಗಳು: ಕ್ರಮಸಂಖ್ಯೆ, ಹೆಸರು, ಸ್ಥಿತಿ. ‘ಪಾಠ’ ಎಂಬ ಹೆಸರಿನ ಅತಿಥಿ ಇದೆಯೆಂದಾದರೆ ‘ವಿರ್ಶ್ ಸ್ಟಾರ್ಟ್ ಪಾಠ’ ಎಂದರೆ ಅದು ಏಳುತ್ತದೆ, ‘ವಿರ್ಶ್ ಕನ್ಸೋಲ್ ಪಾಠ’ ಎಂದರೆ, ಅತಿಥಿಯೊಳಗೆ ಅದಕ್ಕೆ ಅಣಿ ಮಾಡಿದ್ದರೆ, ಅದರ ಪರದೆ ಈ ಕಿಟಕಿಗೆ ಬರುತ್ತದೆ, ‘ಆಟೋಸ್ಟಾರ್ಟ್’ ಎಂದರೆ ಆತಿಥೇಯ ಗಣಕ ಆರಂಭವಾದಾಗಲೆಲ್ಲ ಅದೂ ತಾನಾಗಿ ಏಳುತ್ತದೆ. ವಿದ್ಯುತ್ ಹೋಗಿ ಬರುವ ಊರಿನಲ್ಲಿ ಈ ಕಡೆಯ ಪದ ಎಷ್ಟು ಬೆಲೆಬಾಳುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಪ್ರತಿ ಅತಿಥಿಯ ಜಾತಕವೂ, ಅಂದರೆ ಅದಕ್ಕೆ ಎಷ್ಟು ಮೆಮೊರಿ, ಎಷ್ಟು ಪ್ರೊಸೆಸರ್, ಯಾವ ಡಿಸ್ಕ್, ಯಾವ ನೆಟ್‌ವರ್ಕ್ ಎಂಬ ವಿವರವೂ, ಎಕ್ಸ್‌ಎಂಎಲ್ ಎಂಬ ವಿನ್ಯಾಸದ ಅಕ್ಷರಕಡತದಲ್ಲಿರುತ್ತದೆ. ‘ಡಂಪ್‌ಎಕ್ಸ್‌ಎಂಎಲ್’ ಎಂಬ ಆಜ್ಞೆಯಿಂದ ಅದನ್ನು ಹೊರತೆಗೆದು ಬೇರೊಂದು ಗಣಕಕ್ಕೆ ಒಯ್ದು ‘ಡಿಫೈನ್’ ಎಂದರೆ, ಡಿಸ್ಕ್ ಕಡತವೂ ಜೊತೆಗಿದ್ದಲ್ಲಿ, ಅದೇ ಯಂತ್ರ ಅಲ್ಲಿ ಮತ್ತೆ ನಿಲ್ಲುತ್ತದೆ. ಮೊಳಕಾಲ್ಮೂರಿನಲ್ಲಿ ಒಂದು ಮಗ್ಗದಿಂದ ಬಿಚ್ಚಿದ ಕಾರ್ಡುಗಳ ಸರಪಳಿಯನ್ನು ಇನ್ನೊಂದು ಮಗ್ಗಕ್ಕೆ ಏರಿಸಿ ಅದೇ ಅಂಚನ್ನು ನೇಯುವಂತೆಯೇ ಇದು.

ನಿಲ್ಲಿಸುವ ಆಜ್ಞೆಗಳಲ್ಲಿ ಮಾತ್ರ ಎಚ್ಚರ ಬೇಕು, ಏಕೆಂದರೆ ಇಲ್ಲಿ ಪದಗಳು ದಾರಿ ತಪ್ಪಿಸುತ್ತವೆ. ‘ಶಟ್‌ಡೌನ್’ ಎಂದರೆ ವಿರ್ಶ್ ಅತಿಥಿಯ ವಿದ್ಯುತ್ ಗುಂಡಿಯನ್ನು ಒಮ್ಮೆ ಮೃದುವಾಗಿ ಒತ್ತಿದಂತೆ ಸೂಚನೆ ಕೊಡುತ್ತದೆ. ಅತಿಥಿ ತನ್ನ ಕಡತಗಳನ್ನು ಮುಚ್ಚಿ, ಕೆಲಸ ಮುಗಿಸಿ ಮಲಗುತ್ತದೆ, ಅದು ಸಿಕ್ಕಿಹಾಕಿಕೊಂಡಿದ್ದರೆ ಸೂಚನೆಯನ್ನು ಕೇಳಿಸಿಕೊಳ್ಳದೆಯೂ ಇರಬಹುದು. ‘ಡೆಸ್ಟ್ರಾಯ್’ ಎಂದರೆ ಇಂಗ್ಲಿಷಿನಲ್ಲಿ ನಾಶಮಾಡು ಎಂದರ್ಥ; ಹೊಸಬರು ಇದನ್ನು ಕಂಡು ಯಂತ್ರವೇ ಅಳಿಸಿಹೋಗುತ್ತದೆಂದು ಹೆದರುತ್ತಾರೆ. ನಿಜದಲ್ಲಿ ಅದು ಓಡುತ್ತಿರುವ ಗಣಕದ ತಂತಿಯನ್ನು ಗೋಡೆಯಿಂದ ಕಿತ್ತಂತೆ, ಅಷ್ಟೇ. ಬರೆಯುತ್ತಿದ್ದ ಕಡತ ಹಾಳಾಗಬಹುದು, ಡಿಸ್ಕಾಗಲೀ ಜಾತಕವಾಗಲೀ ಎಲ್ಲಿಗೂ ಹೋಗುವುದಿಲ್ಲ, ‘ಸ್ಟಾರ್ಟ್’ ಎಂದರೆ ಅತಿಥಿ ಮತ್ತೆ ಏಳುತ್ತದೆ. ಇದಕ್ಕೆ ವಿರುದ್ಧವಾಗಿ ‘ಅನ್‌ಡಿಫೈನ್’ ಎಂಬ ಸೌಮ್ಯವಾದ ಪದವೇ ಜಾತಕವನ್ನು ಅಳಿಸುವುದು, ಅದರ ಜೊತೆಗೆ ಸಂಗ್ರಹವನ್ನೂ ತೆಗೆದುಹಾಕೆಂಬ ಆಯ್ಕೆಯನ್ನು ಸೇರಿಸಿದರೆ ಡಿಸ್ಕನ್ನೂ ಕಳೆಯುವುದು. ಗಂಭೀರವಾಗಿ ಕಾಣುವ ಪದ ಕಡಿಮೆ ಅಪಾಯದ್ದೂ ಸಾಧುವಾಗಿ ಕಾಣುವ ಪದ ಹೆಚ್ಚು ಅಪಾಯದ್ದೂ ಆಗಿರುವ ಈ ಹೆಸರಿಡುವಿಕೆ ಒಳ್ಳೆಯದಲ್ಲ. ಇಪ್ಪತ್ತು ವರ್ಷಗಳ ಬಳಕೆಯಿಂದ ಅದು ಗಟ್ಟಿಯಾಗಿರುವುದರಿಂದ ಈಗ ಬದಲಾಗುವ ಸಂಭವವೂ ಕಡಿಮೆ. ಅತಿಥಿಯನ್ನು ‘ಡೊಮೈನ್’ ಎಂದು ಕರೆಯುವ ವಾಡಿಕೆಯೂ ಹೀಗೆಯೇ ಝೆನ್ ಕಾಲದಿಂದ ಉಳಿದುಬಂದದ್ದು.

ಡಿಸ್ಕಿನ ವಿಚಾರ ಇನ್ನೂ ಸ್ವಾರಸ್ಯಕರವಾಗಿದೆ. ಅತಿಥಿಯ ಡಿಸ್ಕ್ ಎಂಬುದು ಸಾಮಾನ್ಯವಾಗಿ ಆತಿಥೇಯನಲ್ಲಿರುವ ಒಂದು ಕಡತ ಮಾತ್ರ. ‘ಕ್ಯೂಇಎಂಯು-ಇಮೇಜ್’ ಸಲಕರಣೆಯಿಂದ 20 ಜಿಬಿಯ ಡಿಸ್ಕೊಂದನ್ನು ಕ್ಯೂಕೌ2 ಎಂಬ ವಿನ್ಯಾಸದಲ್ಲಿ ಸೃಷ್ಟಿಸಿದರೆ, ಹುಟ್ಟಿದ ಕ್ಷಣದಲ್ಲಿ ಆ ಕಡತ ಕೆಲವು ನೂರು ಕೆಬಿಗಿಂತ ಹೆಚ್ಚು ಜಾಗ ತಿನ್ನುವುದಿಲ್ಲ. ಅತಿಥಿ ಬರೆಯುತ್ತಾ ಹೋದಂತೆ ಅದು ಬೆಳೆಯುತ್ತದೆ. ಇಷ್ಟೇ ಅಲ್ಲ, ಒಂದು ಸಿದ್ಧ ಡಿಸ್ಕನ್ನು ಬುನಾದಿಯಾಗಿಟ್ಟು ಅದರ ಮೇಲೆ ತೆಳುವಾದ ಪದರದಂಥ ಬೇರೆ ಬೇರೆ ಡಿಸ್ಕುಗಳನ್ನು ಹಾಸಬಹುದು. ಪ್ರತಿ ಪದರವೂ ತಾನು ಬದಲಿಸಿದ್ದನ್ನು ಮಾತ್ರ ಹೊತ್ತಿರುತ್ತದೆ, ಮಿಕ್ಕದ್ದನ್ನು ಬುನಾದಿಯಿಂದ ಓದಿಕೊಳ್ಳುತ್ತದೆ. ಪದವಿ ಕಾಲೇಜಿನ ಒಂದು ಗಣಕ ಪ್ರಯೋಗಾಲಯದಲ್ಲಿ ಮೂವತ್ತು ವಿದ್ಯಾರ್ಥಿಗಳಿಗೆ ಮೂವತ್ತು ಪೂರ್ಣ ಪ್ರತಿಗಳನ್ನು ಮಾಡಿದರೆ ಬುನಾದಿ 10 ಜಿಬಿ ಇದ್ದ ಪಕ್ಷದಲ್ಲಿ 300 ಜಿಬಿ ಬೇಕು; ಪದರ ಹಾಸಿದರೆ ಬುನಾದಿಯ 10 ಜಿಬಿಗೆ ವಿದ್ಯಾರ್ಥಿಗಳು ನಿಜಕ್ಕೂ ಬರೆದಷ್ಟು ಸೇರಿದರೆ ಸಾಕು. ಒಬ್ಬ ವಿದ್ಯಾರ್ಥಿ ತನ್ನ ಯಂತ್ರವನ್ನು ಸಂಪೂರ್ಣ ಕೆಡಿಸಿದರೂ ಆ ಪದರವನ್ನು ಎಸೆದು ಹೊಸದನ್ನು ಹಾಸಲು ಎರಡು ಸಾಲು ಸಾಕಾಗುತ್ತವೆ. ಕೆಡಿಸುವ ಭಯವಿಲ್ಲದೆ ಕಲಿಯುವ ಅವಕಾಶ ಇದು. ಗಣಕದ ಶಿಕ್ಷಣಕ್ಕೆ ವರ್ಚುವಲ್ ಯಂತ್ರ ಕೊಟ್ಟ ಕೊಡುಗೆಗಳಲ್ಲಿ ಇದಕ್ಕೆ ಸಮನಾದುದು ಇಲ್ಲ. ಎಲ್ಲರ ಕೆಳಗಿರುವ ಬುನಾದಿ ಕಡತವನ್ನು ಮಾತ್ರ ಯಾರೂ ತಿದ್ದಬಾರದು. ಅದು ಕದಲಿದರೆ ಮೇಲಿನ ಪದರಗಳೆಲ್ಲ ಅರ್ಥ ಕಳೆದುಕೊಳ್ಳುತ್ತವೆ.

ವಿರ್ಶ್ ಒಂದೇ ಸಲಕರಣೆಯಲ್ಲ. ವಿಂಡೋಸ್ ಲ್ಯಾಪ್‌ಟಾಪ್ ಇರುವವರಿಗೆ ಪರಿಚಿತವಾದ ವರ್ಚುವಲ್‌ಬಾಕ್ಸ್‌ನ ಜೊತೆಗೆ ವಿಬಾಕ್ಸ್‌ಮ್ಯಾನೇಜ್ ಎಂಬ ಆಜ್ಞಾಸಾಲು ಬರುತ್ತದೆ; ಚಿತ್ರದ ಕಿಟಕಿಯಲ್ಲಿ ಕಾಣದ ಎಷ್ಟೋ ಆಯ್ಕೆಗಳು ಅದರಲ್ಲಿ ಸಿಗುತ್ತವೆ. ವಿಯೆನ್ನಾದಲ್ಲಿ ಬೆಳೆದ ಪ್ರಾಕ್ಸ್‌ಮಾಕ್ಸ್ ವ್ಯವಸ್ಥೆಯಲ್ಲಿ ಕ್ಯೂಎಂ ಎಂಬ ಎರಡಕ್ಷರದ ಆಜ್ಞೆ ಇದೇ ಕೆಲಸ ಮಾಡುತ್ತದೆ. ಮೈಕ್ರೋಸಾಫ್ಟ್‌ನ ಹೈಪರ್-ವಿಯನ್ನು ಪವರ್‌ಶೆಲ್‌ನಿಂದ ನಡೆಸುವಾಗ ಪ್ರತಿ ಆಜ್ಞೆಯೂ ಕ್ರಿಯಾಪದ ಮೊದಲು, ನಾಮಪದ ಆಮೇಲೆ ಎಂಬ ಒಂದೇ ಕಟ್ಟಿನಲ್ಲಿರುತ್ತದೆ. ಯಂತ್ರವನ್ನು ಆರಂಭಿಸು ಎಂದು ಕ್ರಿಯೆಯನ್ನು ಕೊನೆಗೆ ಹೇಳುವ ಕನ್ನಡದ ಮಕ್ಕಳಿಗೆ ಇದು ಮೊದಮೊದಲು ತಲೆಕೆಳಗಾಗಿ ಕಂಡರೂ ಅದರ ನಿಯಮಬದ್ಧತೆ ಬೇಗ ಒಗ್ಗುತ್ತದೆ. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರನ್ನು ಕೊಂಡು, ಒಮ್ಮೆ ಹಣ ಕೊಟ್ಟು ಕಾಯಂ ಪರವಾನಗಿ ಪಡೆಯುವ ಪದ್ಧತಿಯನ್ನು ನಿಲ್ಲಿಸಿದ ಮೇಲೆ, ಜಗತ್ತಿನಾದ್ಯಂತ ಅನೇಕ ಸಂಸ್ಥೆಗಳು ಕೆವಿಎಂ ಆಧಾರಿತ ವ್ಯವಸ್ಥೆಗಳ ಕಡೆ ನೋಡತೊಡಗಿದವು. ಆದ್ದರಿಂದ ಇಂದು ಕಲಿಯಲು ಹೊರಟವರು ಮುಕ್ತ ತಂತ್ರಾಂಶಗಳಿಂದ ಆರಂಭಿಸುವುದೇ ವಿವೇಕ.

ಮೌಸಿನ ಕಿಟಕಿಗಳಿರುವಾಗ ಅಕ್ಷರದ ಸಾಲುಗಳೇಕೆ ಎಂಬ ಪ್ರಶ್ನೆ ಸಹಜ. ಮೌಸಿನಿಂದ ಮಾಡಿದ ಕೆಲಸ ಮಾಡಿದವನ ನೆನಪಿನಲ್ಲಿ ಮಾತ್ರ ಉಳಿಯುತ್ತದೆ. ಅದನ್ನು ಮತ್ತೊಬ್ಬರಿಗೆ ಹೇಳಬೇಕಾದರೆ ಇಲ್ಲಿ ಒತ್ತಿ, ಅಲ್ಲಿ ಒತ್ತಿ ಎಂದು ಪಕ್ಕದಲ್ಲಿ ಕುಳಿತೇ ತೋರಿಸಬೇಕು. ಸಾಲಿನಲ್ಲಿ ಬರೆದ ಆಜ್ಞೆ ಹಾಗಲ್ಲ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಬಹುದು, ಗೆಳೆಯನಿಗೆ ಮೆಸೇಜ್ ಮಾಡಬಹುದು, ಹತ್ತು ಆಜ್ಞೆಗಳನ್ನು ಒಂದು ಕಡತದಲ್ಲಿ ಜೋಡಿಸಿ ಸ್ಕ್ರಿಪ್ಟ್ ಮಾಡಿ ಒಂದೇ ಏಟಿಗೆ ನಡೆಸಬಹುದು, ತಪ್ಪಾಗಿದ್ದರೆ ಯಾವ ಸಾಲಿನಲ್ಲಿ ತಪ್ಪಿದೆಯೆಂದು ಬೆರಳಿಟ್ಟು ತೋರಿಸಬಹುದು. ಕಾರ್ಡಿನ ಸರಪಳಿಯಲ್ಲಿ ತಪ್ಪಾಗಿ ಕೊರೆದ ಒಂದು ರಂಧ್ರ ಅಂಚಿನ ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ದೋಷವಾಗಿ ಕಾಣುವಂತೆ, ಸ್ಕ್ರಿಪ್ಟಿನ ತಪ್ಪೂ ಪ್ರತಿ ಸಲ ಅದೇ ಜಾಗದಲ್ಲಿ ಕಾಣುತ್ತದೆ. ಹಾಗೆ ಕಾಣುವುದರಿಂದಲೇ ಅದನ್ನು ತಿದ್ದಲು ಸಾಧ್ಯ.

ದೂರದ ಊರುಗಳಿಗೆ ಇದರ ಇನ್ನೊಂದು ಗುಣ ಇನ್ನೂ ಹೆಚ್ಚಿನದು. ಪರದೆಯ ಚಿತ್ರವನ್ನು ದೂರದಿಂದ ತರಿಸಿಕೊಳ್ಳಲು ವೇಗದ ಇಂಟರ್ನೆಟ್ ಬೇಕು. ಅಕ್ಷರಗಳ ಸಾಲು ಕೆಲವೇ ಬೈಟುಗಳ ಹೊರೆಯಾದ್ದರಿಂದ ಮೊಬೈಲಿನ ದುರ್ಬಲ ಸಿಗ್ನಲಿನ ಮೇಲೂ ಸಾಗುತ್ತದೆ. ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ತಾತು ಇಲೋನೆನ್ 1995ರಲ್ಲಿ ರೂಪಿಸಿದ ಎಸ್‌ಎಸ್‌ಎಚ್ ಎಂಬ ವಿಧಾನ ಈ ಸಾಲುಗಳನ್ನು ಗೂಢಲಿಪಿಯಲ್ಲಿ ಮುಚ್ಚಿ ಕಳಿಸುವುದರಿಂದ ದಾರಿಯಲ್ಲಿ ಯಾರೂ ಓದಲಾರರು. ವಿರ್ಶ್‌ಗೆ ಈ ದಾರಿಯ ವಿಳಾಸವನ್ನು ಕೊಟ್ಟರೆ, ಮೊಳಕಾಲ್ಮೂರಿನಲ್ಲಿ ಕುಳಿತವರು ಬೆಂಗಳೂರಿನಲ್ಲಿರುವ ಆತಿಥೇಯನ ಅತಿಥಿಗಳನ್ನು ತಮ್ಮ ಮೇಜಿನ ಮೇಲಿರುವಂತೆಯೇ ಎಬ್ಬಿಸಬಹುದು, ಮಲಗಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ, 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಂ ಪ್ರವೇಗ ಸೂಪರ್‌ಕಂಪ್ಯೂಟರಿಗೂ ಸಂಶೋಧಕರು ಆಜ್ಞಾಸಾಲಿನ ಬಾಗಿಲಿನಿಂದಲೇ ಹೋಗುತ್ತಾರೆ. ಅದೇ ಸಂಸ್ಥೆಯ ಎರಡನೆಯ ಆವರಣ ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ ಸುಮಾರು 1500 ಎಕರೆಯಲ್ಲಿ ಹರಡಿದೆ, ಅಲ್ಲಿ ಶಿಕ್ಷಕರಿಗೆ ತರಬೇತಿ ನಡೆಯುತ್ತಿದೆ. ಪಕ್ಕದ ಹುಲ್ಲುಗಾವಲ ಸೀಮೆಯಲ್ಲಿ ರಕ್ಷಣಾ ಸಂಶೋಧನೆಯ ವೈಮಾನಿಕ ಪರೀಕ್ಷಾ ಕ್ಷೇತ್ರ 2017ರಲ್ಲಿ ಉದ್ಘಾಟನೆಯಾಗಿದೆ. ವಿಜ್ಞಾನದ ದೊಡ್ಡ ಕಟ್ಟಡಗಳು ಇಷ್ಟು ಹತ್ತಿರ ಬಂದಿರುವಾಗ, ಆ ಕಟ್ಟಡಗಳ ಒಳಗೆ ನಡೆಯುವ ಬಗೆಯ ಕೆಲಸವನ್ನು ಸುತ್ತಲಿನ ಊರುಗಳ ಮಕ್ಕಳು ಹಳೆಯ ಲ್ಯಾಪ್‌ಟಾಪಿನ ಮೇಲೂ ಕಲಿಯಬಹುದೆಂಬ ಸಂಗತಿ ಅವರಿಗೆ ತಲುಪಬೇಕು.

ಕಲಿಕೆಗೆ ಬೇಕಾದದ್ದು ಅಲ್ಪ. 8 ಜಿಬಿ ಮೆಮೊರಿಯ ಲ್ಯಾಪ್‌ಟಾಪಿನಲ್ಲಿ ಅಕ್ಷರಪರದೆಯ ಎರಡು ಮೂರು ಲಿನಕ್ಸ್ ಅತಿಥಿಗಳು ನೆಮ್ಮದಿಯಾಗಿ ಓಡುತ್ತವೆ. ಪ್ರೊಸೆಸರ್ ತಕ್ಕದ್ದೇ ಎಂದು ನೋಡಲು ಲಿನಕ್ಸ್‌ನಲ್ಲಿ ಪ್ರೊಸೆಸರಿನ ವಿವರವಿರುವ ಸಿಪಿಯುಇನ್ಫೋ ಕಡತದಲ್ಲಿ ವಿಎಂಎಕ್ಸ್ ಅಥವಾ ಎಸ್‌ವಿಎಂ ಎಂಬ ಪದ ಇದೆಯೇ ಎಂದು ಹುಡುಕಿದರಾಯಿತು. ಮೊದಲನೆಯದು ಇಂಟೆಲ್‌ನ ಗುರುತು, ಎರಡನೆಯದು ಎಎಂಡಿಯದು. ಪದ ಕಂಡರೂ ಅತಿಥಿ ಓಡದಿದ್ದರೆ ಗಣಕ ಆರಂಭವಾಗುವಾಗ ಬರುವ ಬಯಾಸ್ ಪಟ್ಟಿಯಲ್ಲಿ ಆ ಸೌಲಭ್ಯವನ್ನು ಮುಚ್ಚಿಟ್ಟಿರುವ ಸಾಧ್ಯತೆ ಹೆಚ್ಚು. ಇನ್ನೊಂದು ತಿಳಿವಳಿಕೆ ಆರಂಭದಲ್ಲೇ ಇರಬೇಕು: ಯಂತ್ರದ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್ ಎಂಬುದು ಹಿಂದಿರುಗುವ ಮೆಟ್ಟಿಲೇ ಹೊರತು ಬ್ಯಾಕಪ್ ಅಲ್ಲ, ಏಕೆಂದರೆ ಸಾಮಾನ್ಯವಾಗಿ ಅದೂ ಅದೇ ಡಿಸ್ಕಿನಲ್ಲಿ ಇರುತ್ತದೆ, ಡಿಸ್ಕ್ ಸುಟ್ಟರೆ ಎರಡೂ ಹೋಗುತ್ತವೆ.

ಇನ್ನು ಕನ್ನಡದ ವಿಚಾರ. ಲಿಬ್‌ವಿರ್ಟ್ ತಂತ್ರಾಂಶದ ಮೂಲದಲ್ಲಿ ಜಗತ್ತಿನ ಹಲವು ಭಾಷೆಗಳಿಗೆ ಒಂದೊಂದು ಅನುವಾದ ಕಡತವಿದ್ದು, ಅವುಗಳಲ್ಲಿ ಕನ್ನಡದ್ದೂ ಒಂದು. ರೆಡ್ ಹ್ಯಾಟ್ ಕಂಪನಿ ತನ್ನ ಲಿನಕ್ಸನ್ನು ಭಾರತೀಯ ಭಾಷೆಗಳಲ್ಲಿ ತರಲು ಮಾಡಿದ ಕೆಲಸದ ಜೊತೆಯಲ್ಲಿ ಬೆಳೆದ ಈ ಕಡತದಲ್ಲಿ ವಿರ್ಶ್‌ನ ಇಂಗ್ಲಿಷ್ ಸಂದೇಶ ಒಂದು ಸಾಲು, ಅದರ ಕೆಳಗೆ ಕನ್ನಡ ಒಂದು ಸಾಲು ಎಂಬ ಕ್ರಮವಿದೆ. ಗಣಕದ ಭಾಷೆಯನ್ನು ಕನ್ನಡಕ್ಕೆ ತಿರುಗಿಸಿ ವಿರ್ಶ್ ಓಡಿಸಿದರೆ ಅನುವಾದವಿರುವ ಉತ್ತರಗಳು ಕನ್ನಡದಲ್ಲಿ ಬರುತ್ತವೆ, ಇಲ್ಲದವು ಇಂಗ್ಲಿಷಿನಲ್ಲೇ ಉಳಿಯುತ್ತವೆ. ವರ್ಚುವಲ್ ಯಂತ್ರಗಳನ್ನು ಆಳುವ ಸಲಕರಣೆಯೊಂದು ಕನ್ನಡದಲ್ಲಿ ಉತ್ತರ ಕೊಡಬಲ್ಲದೆಂಬುದು ಗಣಕ ಕಲಿಸುವ ಅಧ್ಯಾಪಕರೆಲ್ಲರೂ ತರಗತಿಯಲ್ಲಿ ಒಮ್ಮೆಯಾದರೂ ತೋರಿಸಬೇಕಾದ ಸಂಗತಿ.

ತೋರಿಸಲು ಹೊರಟಾಗ ಒಂದು ತೊಡಕು ಎದುರಾಗುತ್ತದೆ. ಟರ್ಮಿನಲ್ ಎಂಬುದು ಸಮಗಾತ್ರದ ಚೌಕಗಳ ಜಾಲ. ಒಂದು ಚೌಕಕ್ಕೆ ಒಂದು ಅಕ್ಷರ ಎಂಬ ರೋಮನ್ ಲಿಪಿಯ ಲೆಕ್ಕದಲ್ಲಿ ಅದನ್ನು ಕಟ್ಟಿದ್ದಾರೆ. ಕನ್ನಡದಲ್ಲಿ ‘ಸ್ಥಿತಿ’ ಎಂಬ ಪದವನ್ನೇ ತೆಗೆದುಕೊಂಡರೆ, ಸಕಾರಕ್ಕೆ ಕೆಳಗೆ ಒತ್ತು ಬರಬೇಕು, ಮೇಲೆ ಗುಣಿತ ಏರಬೇಕು, ಇವೆಲ್ಲ ಸೇರಿ ಅಗಲ ಬದಲಾಗಬೇಕು. ಅನೇಕ ಟರ್ಮಿನಲ್‌ಗಳು ಇದನ್ನು ಸರಿಯಾಗಿ ಮಾಡದೆ ಒತ್ತಕ್ಷರವನ್ನು ಬಿಡಿಸಿ, ಗುಣಿತವನ್ನು ಸರಿಸಿ, ಪಟ್ಟಿಯ ಕಂಬಗಳನ್ನು ಓರೆಯಾಗಿಸುತ್ತವೆ. ಕಿಟಕಿಗಳಿಲ್ಲದ ಲಿನಕ್ಸ್‌ನ ಬರಿಯ ಅಕ್ಷರಪರದೆಯಂತೂ ಒಮ್ಮೆಗೆ ಹೆಚ್ಚೆಂದರೆ 512 ಅಕ್ಷರರೂಪಗಳನ್ನು ಮಾತ್ರ ಹಿಡಿದಿಡಬಲ್ಲದು, ಒತ್ತು ಜೋಡಿಸುವ ವಿದ್ಯೆ ಅದಕ್ಕಿಲ್ಲ. ಇದು ಕನ್ನಡದ ಕೊರತೆಯಲ್ಲ, ಸಲಕರಣೆ ಕಟ್ಟಿದವರ ಲೆಕ್ಕದ ಕೊರತೆ. ಬಳಸುವವರು ಹೆಚ್ಚಿ, ಕೆಟ್ಟದ್ದನ್ನು ಕೆಟ್ಟಿದೆ ಎಂದು ವರದಿ ಮಾಡುವವರು ಹೆಚ್ಚಿದರೆ ತಿದ್ದುಪಡಿ ಬರುತ್ತದೆ.

ಆಜ್ಞೆಯ ಪದ ರೋಮನ್ ಲಿಪಿಯಲ್ಲಿದ್ದು ಉತ್ತರ ಕನ್ನಡ ಲಿಪಿಯಲ್ಲಿ ಬರುವುದು ಬೆರಕೆಯಾಗಿ ಕಂಡೀತು. ಆದರೆ ಒಂದೇ ಬರಹದಲ್ಲಿ ಎರಡು ಲಿಪಿಗಳಿರುವುದು ಮೊಳಕಾಲ್ಮೂರು ತಾಲ್ಲೂಕಿಗೆ ಹೊಸದಲ್ಲ. ಶಾಸನತಜ್ಞ ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ, ಈ ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನ ಸುವರ್ಣಗಿರಿಯಿಂದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಮಹಾಮಾತ್ರರೆಂಬ ಅಧಿಕಾರಿಗಳ ಮಾತಿನಂತೆ ಇಸಿಲದ ಮಹಾಮಾತ್ರರಿಗೆ ಹೊರಟ ಆಜ್ಞೆ; ದೂರದ ಕೇಂದ್ರದಿಂದ ಹೊರಟು, ನಡುವಿನ ಅಧಿಕಾರಿಗಳನ್ನು ಹಾದು, ಇಲ್ಲಿ ಜಾರಿಯಾಗಬೇಕಾದ ಬರಹ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಹತ್ತಿರ ಹತ್ತಿರದ ಮೂರು ನೆಲೆಗಳಲ್ಲಿ ಅದರ ಪ್ರತಿಗಳಿವೆ. ಬರಹವೆಲ್ಲ ಬ್ರಾಹ್ಮೀ ಲಿಪಿಯಲ್ಲಿದ್ದರೂ, ಬರೆದ ಚಪಡ ತನ್ನ ಹೆಸರಿನ ಜೊತೆ ತಾನು ಲಿಪಿಕಾರನೆಂಬ ಪದವನ್ನು ಮಾತ್ರ ವಾಯವ್ಯ ದೇಶದ ಖರೋಷ್ಠೀ ಲಿಪಿಯಲ್ಲಿ ಕೆತ್ತಿದ್ದಾನೆ.

ಲಿಪಿಯ ತೊಡಕಿಗಿಂತ ಪದದ ತೊಡಕು ದೊಡ್ಡದು. ಹೋಸ್ಟ್, ಗೆಸ್ಟ್ ಎಂಬುದಕ್ಕೆ ಆತಿಥೇಯ, ಅತಿಥಿ ಎಂಬ ಪದಗಳು ಕನ್ನಡದಲ್ಲಿ ಇಂಗ್ಲಿಷಿಗಿಂತಲೂ ಚೆನ್ನಾಗಿ ಕೂರುತ್ತವೆ. ಡೊಮೈನ್ ಎಂಬುದನ್ನು ಕ್ಷೇತ್ರ ಎಂದೋ ವಲಯ ಎಂದೋ ಮಾಡಿದರೆ ಯಾರಿಗೂ ಅರ್ಥವಾಗದು. ಅತಿಥಿ ಎಂದೇ ಹೇಳುವುದು ಮೇಲು. ಡೆಸ್ಟ್ರಾಯ್ ಎಂಬ ಆಜ್ಞೆಯ ವಿವರಣೆಯನ್ನು ನಿಘಂಟು ನೋಡಿ ನಾಶಮಾಡು ಎಂದು ಬರೆದರೆ ಇಂಗ್ಲಿಷಿನ ತಪ್ಪನ್ನೇ ಕನ್ನಡಕ್ಕೆ ಹೊತ್ತು ತಂದಂತಾಗುತ್ತದೆ. ‘ತಕ್ಷಣ ನಿಲ್ಲಿಸು, ಡಿಸ್ಕ್ ಹಾಗೆಯೇ ಉಳಿಯುತ್ತದೆ’ ಎಂದು ಬರೆದರೆ ಮೊದಲ ಸಲ ನೋಡಿದ ವಿದ್ಯಾರ್ಥಿಗೂ ಕೈ ನಡುಗುವುದಿಲ್ಲ. ಇಂಥ ಪದಗಳನ್ನು ನಿರ್ಧರಿಸಬೇಕಾದವರು ನಿಘಂಟು ಮಾತ್ರ ಬಲ್ಲವರಲ್ಲ, ಆಜ್ಞೆಯನ್ನು ನಡೆಸಿ ಅದರ ಪರಿಣಾಮ ಕಂಡವರು. ಮೊಳಕಾಲ್ಮೂರು, ಚಳ್ಳಕೆರೆಗಳ ಕಾಲೇಜುಗಳಲ್ಲಿ ಗಣಕ ಓದುತ್ತಿರುವ ಯಾವ ವಿದ್ಯಾರ್ಥಿಯೂ ಒಂದು ತಿಂಗಳ ಅಭ್ಯಾಸದಲ್ಲಿ ಅಂಥವರಲ್ಲಿ ಒಬ್ಬರಾಗಬಹುದು.

ಲಿಬ್‌ವಿರ್ಟ್‌ನ ಅನುವಾದ ಕಡತಗಳನ್ನು ಈಗ ಫೆಡೋರಾ ಎಂಬ ಲಿನಕ್ಸ್ ಯೋಜನೆಯ ವೆಬ್‌ಲೇಟ್ ಎಂಬ ತಾಣದಲ್ಲಿ ತಿದ್ದುತ್ತಾರೆ. ಅದಕ್ಕೆ ಪ್ರೋಗ್ರಾಮಿಂಗ್ ಬರಬೇಕೆಂದಿಲ್ಲ, ಹಣ ಕೊಡಬೇಕಾಗಿಲ್ಲ, ಒಂದು ಖಾತೆ ತೆರೆದರೆ ಸಾಕು. ಅಧ್ಯಾಪಕರು ತಮ್ಮ ತರಗತಿಗೆ ವಾರಕ್ಕೆ ಇಪ್ಪತ್ತು ಸಂದೇಶಗಳನ್ನು ಹಂಚಿ, ಪ್ರತಿಯೊಂದನ್ನೂ ತಮ್ಮದೇ ಅತಿಥಿ ಯಂತ್ರದಲ್ಲಿ ನಡೆಸಿ ನೋಡಿದ ಮೇಲೆಯೇ ಕನ್ನಡ ಬರೆಯುವ ನಿಯಮವಿಟ್ಟುಕೊಳ್ಳಲಿ. ಮೊದಲ ವಾರದ ಪಟ್ಟಿಯಲ್ಲಿ ಡೆಸ್ಟ್ರಾಯ್ ಇರಲಿ.